ಚಾರ್ಮಾಡಿ ಘಾಟಿಯಲ್ಲಿ ಕಾರು ಕೆಟ್ಟಾಗ ನೆರವಾದವರು ಹಣ ಮುಟ್ಟಲಿಲ್ಲ. ಮುಂದೇನು ಮಾಡಲಿ?

ತುಮಕೂರಿನವ

ಕಳೆದ ವಾರ ಧರ್ಮಸ್ಥಳದಿಂದ ಊರಿಗೆ ಹಿಂದಿರುಗುವಾಗ ನಡೆದದ್ದು. ಕಾರಿನಲ್ಲಿ ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ಅಮ್ಮ ಮತ್ತು ಮಗಳು. ಘಾಟಿ ಹತ್ತುವಾಗ ಸಂಜೆಯಾಗಿತ್ತು, ಮಳೆ ಬಿಟ್ಟೂ ಬಿಡದೆ ಹನಿಯುತ್ತಿತ್ತು. ಅಣ್ಣಪ್ಪ ಸ್ವಾಮಿ ಗುಡಿ ದಾಟಿದ ಮೇಲೆ ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ಒಮ್ಮೆಲೇ ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ತಿರುವಿನಿಂದ ತುಸುವೇ ಮುಂದೆ ನಿಲ್ಲಿಸಬೇಕಾಯಿತು. ಮೊಬೈಲಿಗೆ ಸಿಗ್ನಲ್ ಇಲ್ಲ, ಮಂಜು ಬೇರೆ ಇಳಿಯುತ್ತಿತ್ತು. ಕೈ ಬೀಸಿದರೂ ಕಾರುಗಳು ಹಾರ್ನ್ ಮಾಡುತ್ತ ಪಕ್ಕದಿಂದ ದಾಟಿ ಹೋದವು.

ಕೊನೆಗೆ ಒಂದು ಪಿಕಪ್ ನಿಂತಿತು. ಬೆಳ್ತಂಗಡಿಯಲ್ಲಿ ತರಕಾರಿ ಇಳಿಸಿ ಖಾಲಿ ಗಾಡಿಯಲ್ಲಿ ಮನೆಗೆ ಹೊರಟಿದ್ದವರು. ಐವತ್ತರ ಆಸುಪಾಸಿನ ಚಾಲಕ, ಜೊತೆಗೆ ಒಬ್ಬ ಹುಡುಗ. ಬಂದವರು ಬಾನೆಟ್ಟಿನ ಕಡೆ ನೋಡಲೇ ಇಲ್ಲ. "ಮೊದಲು ಅಮ್ಮನನ್ನೂ ಮಗುವನ್ನೂ ಇಳಿಸಿ ಸರ್, ಹಿಂದಿನಿಂದ ಬರುವವರಿಗೆ ನಿಮ್ಮ ಕಾರು ಕಾಣುವುದಿಲ್ಲ" ಎಂದು ಪಿಕಪ್ಪನ್ನು ಮುಂದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಬ್ಬರನ್ನೂ ಅದರ ಕ್ಯಾಬಿನ್ನಿನಲ್ಲಿ ಕೂರಿಸಿದರು. ಹುಡುಗ ತಿರುವಿನ ಆಚೆಗೆ ಹೋಗಿ ಟಾರ್ಚ್ ಬೀಸುತ್ತ ನಿಂತ.

ಮಳೆ ಬೀಳದಿರಲೆಂದು ಅವರ ಟಾರ್ಪಾಲನ್ನೇ ಬಾನೆಟ್ಟಿನ ಮೇಲೆ ಎಳೆದು ನಾನೂ ನನ್ನ ಹೆಂಡತಿಯೂ ಒಂದೊಂದು ತುದಿ ಹಿಡಿದೆವು. ಎಂಜಿನ್ ತಣಿಯುವವರೆಗೆ ಅವರು ಏನನ್ನೂ ಮುಟ್ಟಲಿಲ್ಲ, ನನಗೂ ಮುಟ್ಟಲು ಬಿಡಲಿಲ್ಲ. ರೇಡಿಯೇಟರಿನ ಮೇಲಿನ ಹೋಸ್ ಪೈಪು ಕ್ಲಿಪ್ಪಿನ ಪಕ್ಕದಲ್ಲೇ ಸೀಳಿತ್ತು. ಸೀಳಿದಷ್ಟನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಉಳಿದದ್ದನ್ನು ಹಿಗ್ಗಿಸಿ ಮತ್ತೆ ಕೂರಿಸಿ ಕ್ಲಿಪ್ ಬಿಗಿದರು. ರಸ್ತೆಯ ಬದಿಯ ಝರಿಯಿಂದ ಬಾಟಲಿಯಲ್ಲಿ ನೀರು ತಂದು ನಿಧಾನವಾಗಿ ತುಂಬಿಸಿದರು. ಅಷ್ಟರಲ್ಲಿ ಟಾರ್ಪಾಲಿನ ಒಂದು ಮೂಲೆ ಬಿಸಿ ಲೋಹಕ್ಕೆ ತಗುಲಿ ಕರಗಿ ಮುದುಡಿಹೋಗಿತ್ತು. ನಾನು ಅದನ್ನು ತೋರಿಸಿದರೆ "ಹಳೆಯದು ಬಿಡಿ" ಎಂದರು.

ಕೊಟ್ಟಿಗೆಹಾರದವರೆಗೂ ನಮ್ಮ ಹಿಂದೆಯೇ ಬಂದರು. ಅಲ್ಲಿ ಚಹಾ ಕುಡಿದೆವು, ಅದರ ಹಣವನ್ನೂ ಅವರೇ ಕೊಟ್ಟರು. ಐನೂರರ ನೋಟುಗಳನ್ನು ಜೇಬಿಗೆ ಇಡಲು ಹೋದಾಗ ನನ್ನ ಕೈ ಹಿಡಿದುಕೊಂಡು "ಅಮ್ಮನಿಗೆ ಚಳಿಯಾಗುತ್ತಿದೆ ಸರ್, ಮೊದಲು ಹೊರಡಿ" ಎಂದರು. ಫೋನ್ ನಂಬರ್ ಕೇಳಿದರೆ ನಕ್ಕರು. ಮನೆ ಬಣಕಲ್ ಕಡೆ ಎಂಬುದಷ್ಟೇ ಗೊತ್ತು. ಮಗಳು ತೆಗೆದ ಒಂದು ಚಿತ್ರದಲ್ಲಿ ಗಾಡಿಯ ನಂಬರ್ ಕಾಣುತ್ತದೆ.

ಹೀಗೆಯೇ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ. ಇಂಥವರಿಗೆ ಹಣ ಕೊಡಲು ಹೋಗುವುದು ಸರಿಯೇ? ಹುಡುಕಿಕೊಂಡು ಹೋಗಲೇ? ತಿಳಿದವರು ಹೇಳಿ.

ಬಣಕಲ್ ಕಾಫಿ

ನಮ್ಮ ಕಡೆಯವರೇ ಎಂದು ಕೇಳಿ ಸಂತೋಷವಾಯಿತು. ಘಾಟಿಯಲ್ಲಿ ನಿಂತ ಗಾಡಿ ಕಂಡರೆ ನಿಲ್ಲಿಸದೆ ಹೋಗುವ ಅಭ್ಯಾಸ ಇಲ್ಲಿನ ಚಾಲಕರಿಗೆ ಇಲ್ಲ. ಇವತ್ತು ನಿಮ್ಮದು, ನಾಳೆ ಅವರದು. ಬಿಟ್ಟುಬಿಡಿ, ತಲೆ ಕೆಡಿಸಿಕೊಳ್ಳಬೇಡಿ. ಹುಡುಕಿಕೊಂಡು ಬಂದು ಮತ್ತೆ ನೋಟು ತೋರಿಸಿದರೆ ಅವರಿಗೆ ಮುಜುಗರ.

ಲಾರಿ ಚಾಲಕನ ಮಗ

ಬಿಟ್ಟುಬಿಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಂದೆ ಹುಬ್ಬಳ್ಳಿಯಿಂದ ಕರಾವಳಿಗೆ ಲಾರಿ ಓಡಿಸುತ್ತಿದ್ದರು. ಅರಬೈಲ್ ಘಾಟಿಯಲ್ಲಿ ಯಾರದ್ದೋ ಕಾರು ಕೆಟ್ಟಿತೆಂದು ನಿಂತು, ಅಂಕೋಲೆಗೆ ತಡವಾಗಿ ತಲುಪಿ, ಮಾಲೀಕರ ಬೈಗುಳ ತಿಂದು, ಆ ದಿನದ ಭತ್ಯೆ ಕಳೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಕಾರಿನವರು ಹಣ ಕೊಡಲು ಬಂದಾಗ ಅವರೂ ಬೇಡ ಎಂದಿದ್ದರು. ಮನೆಗೆ ಬಂದ ಮೇಲೆ ಅಮ್ಮ ಆ ವಾರದ ದಿನಸಿಯನ್ನು ಸಾಲ ತಂದಳು. ಆ ಕಾರಿನವರಿಗೆ ಇದು ಇಂದಿಗೂ ಗೊತ್ತಿಲ್ಲ.

ಬೇಡ ಎಂದರೆ ಬೇಡ ಎಂದೇ ಅರ್ಥವಲ್ಲ. ಆ ಹೊತ್ತಿನಲ್ಲಿ ಕೈ ಚಾಚುವುದು ಅವರ ಸ್ವಭಾವಕ್ಕೆ ಒಗ್ಗುವುದಿಲ್ಲ, ಅಷ್ಟೇ. ಪಿಕಪ್ ಅವರದ್ದೋ, ಸಾಲದ ಕಂತಿನದ್ದೋ, ಬಾಡಿಗೆಯದ್ದೋ ಯಾರಿಗೆ ಗೊತ್ತು? ಮಾರನೆಯ ನಸುಕಿನಲ್ಲಿ ಮತ್ತೆ ತರಕಾರಿ ತುಂಬಿಕೊಂಡು ಇಳಿಯಬೇಕಾದವರು ರಾತ್ರಿಯ ನಿದ್ದೆ ಬಿಟ್ಟು ನಿಮ್ಮೊಂದಿಗೆ ನಿಂತರು. ಹುಡುಕಿ ಹೋಗಿ.

ಉಜಿರೆಯ ಮೇಡಂ

ಲಾರಿ ಚಾಲಕನ ಮಗ ಹೇಳಿದ್ದು ಮನಸ್ಸಿಗೆ ತಟ್ಟಿತು. ಆದರೂ ಆ ಹೊತ್ತಿನಲ್ಲಿ ನೋಟು ಚಾಚುವುದು ನನಗೆ ಸರಿ ಕಾಣುವುದಿಲ್ಲ. ಮನೆಗೆ ಬಂದ ನೆಂಟರು ಊಟ ಮಾಡಿ ತಟ್ಟೆಯ ಪಕ್ಕ ಹಣ ಇಟ್ಟು ಎದ್ದರೆ ಹೇಗಿರುತ್ತದೆಯೋ ಹಾಗೆ. ಅವರು ಅಮ್ಮನ ಚಳಿಯ ಮಾತು ಎತ್ತಿದ್ದೇ ನೀವು ನೋಟು ಒಳಗಿಡಲಿ ಎಂದು.

ಹಾಸನ ಗ್ಯಾರೇಜ್

ಹಣದ ಮಾತು ಆಮೇಲೆ. ಆ ಚಾಲಕರು ಮಾಡಿದ್ದು ಪಕ್ಕಾ ಕೆಲಸ, ಅದನ್ನು ಬಿಡಿಸಿ ಹೇಳುತ್ತೇನೆ, ಇತರರಿಗೂ ಉಪಯೋಗವಾಗಲಿ.

ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒಳಗೆ ಒತ್ತಡ ಇರುವುದರಿಂದ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಒತ್ತಡ ಇಳಿದು ಎಲ್ಲವೂ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಖ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡನೆಯದು, ಕಾದು ಒಣಗಿದ ಎಂಜಿನ್ನಿಗೆ ಝರಿಯ ತಣ್ಣೀರು ಒಮ್ಮೆಲೇ ಸುರಿದರೆ ಸಿಲಿಂಡರ್ ಹೆಡ್ ಸೀಳಬಹುದು, ಇಲ್ಲವೇ ಬಾಗಬಹುದು. ಆಮೇಲೆ ಹೋಸ್ ಪೈಪಿನ ನೂರಿನ್ನೂರರ ಕೆಲಸ ಹತ್ತಾರು ಸಾವಿರಕ್ಕೆ ಏರುತ್ತದೆ. ತಣಿಯುವವರೆಗೆ ಕಾದದ್ದು ನಿಮ್ಮ ಎಂಜಿನ್ ಉಳಿಸಿದೆ.

ಮುಳ್ಳು ಮೇಲೇರುವುದು ಕಂಡಾಗಲೇ ಎಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಗಾಜು ಇಳಿಸಿ. ಸೆಕೆಯಾಗುತ್ತದೆ, ನಿಜ. ಆದರೆ ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಹೊರಗೆಳೆಯುತ್ತದೆ, ಗಾಡಿ ನಿಲ್ಲಿಸಲು ಸರಿಯಾದ ಜಾಗ ಸಿಗುವಷ್ಟು ಸಮಯ ಕೊಡುತ್ತದೆ. ಹೋಸೇ ಒಡೆದು ನೀರೆಲ್ಲ ಹೋಗಿದ್ದರೆ ಮಾತ್ರ ಇದರಿಂದ ಲಾಭವಿಲ್ಲ, ಕೂಡಲೇ ಆರಿಸಿ.

ಹಳೆಯ ಅಂಬಾಸಿಡರ್

ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕಿ. ನಮ್ಮ ಕಾಲದಲ್ಲಿ ಎಲ್ಲ ಚಾಲಕರ ಬಳಿಯೂ ಇರುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಾರ್ ಸೋಪು ಉಜ್ಜಿ. ಊರು ತಲುಪಿಸುತ್ತದೆ.

ಹಾಸನ ಗ್ಯಾರೇಜ್

ಸೋಪಿನ ಮಾತು ನಿಜ, ಗ್ಯಾರೇಜ್ ತಲುಪುವ ತನಕ ತಡೆಯುತ್ತದೆ. ಅರಿಶಿನ ಬೇಡ ಹಿರಿಯರೇ. ಅಂದಿನ ರೇಡಿಯೇಟರಿನ ಕೊಳವೆಗಳು ಅಗಲವಾಗಿದ್ದವು. ಇಂದಿನ ಕಾರುಗಳಲ್ಲಿ ಅವು ಸಪೂರ, ಹೀಟರಿನ ಕೊಳವೆ ಇನ್ನೂ ಸಪೂರ. ಪುಡಿ ಹೋಗಿ ಕಟ್ಟಿಕೊಂಡರೆ ಸೋರಿಕೆಗಿಂತ ದೊಡ್ಡ ತೊಂದರೆ. ಅದೂ ಅಲ್ಲದೆ ಇವರದ್ದು ಹೋಸ್ ಸೀಳಿದ್ದು, ಅದಕ್ಕೆ ಯಾವ ಪುಡಿಯೂ ನಾಟುವುದಿಲ್ಲ.

ಹಳೆಯ ಅಂಬಾಸಿಡರ್

ಸರಿ, ಹೊಸ ಗಾಡಿಗಳ ವಿಷಯ ನಿಮಗೆ ಹೆಚ್ಚು ಗೊತ್ತು. ಆದರೆ ನನ್ನ ಗಾಡಿಗೆ ನಾನು ಹಾಕುವುದು ಅರಿಶಿನವೇ.

ಬೆಂಗಳೂರು ದಕ್ಷಿಣ

ಗಾಡಿಯ ನಂಬರ್ ಇಲ್ಲಿ ಹಾಕಿ. ಅರ್ಧ ದಿನದಲ್ಲಿ ಹುಡುಕಿ ಕೊಡುತ್ತೇವೆ. ಚಿತ್ರವನ್ನೂ ಹಾಕಿ, ಇಂಥವರ ಸುದ್ದಿ ಎಲ್ಲ ಕಡೆ ಹರಡಬೇಕು.

ಉಜಿರೆಯ ಮೇಡಂ

ದಯವಿಟ್ಟು ಹಾಕಬೇಡಿ. ಫೋನ್ ನಂಬರ್ ಕೊಡಲೇ ಒಪ್ಪದ ಮನುಷ್ಯ ಅವರು. ಅವರ ಮುಖವನ್ನು ಸಾವಿರಾರು ಜನರ ಮುಂದೆ ಹಿಡಿಯಲು ನಮಗೆ ಯಾರು ಅನುಮತಿ ಕೊಟ್ಟರು?

ಬೆಂಗಳೂರು ದಕ್ಷಿಣ

ಒಳ್ಳೆಯದು ಮಾಡಿದವರ ಹೆಸರು ಹೇಳಿದರೆ ತಪ್ಪೇನು ಮೇಡಂ? ಕೆಟ್ಟ ಸುದ್ದಿ ಮಾತ್ರ ಹರಡಬೇಕೇ? ನಾಲ್ಕು ಜನ ನೋಡಿದರೆ ಇನ್ನೊಬ್ಬರು ಗಾಡಿ ನಿಲ್ಲಿಸುತ್ತಾರೆ ಎಂಬುದು ನನ್ನ ನಂಬಿಕೆ.

ಬಣಕಲ್ ಕಾಫಿ

ಸುದ್ದಿ ಹರಡಿ, ಹೆಸರು ಬೇಡ. ಸಣ್ಣ ಊರು ನಮ್ಮದು. ಗಾಡಿಯ ನಂಬರ್ ಬಂದರೆ ನಾಳೆ ಮೈಕ್ ಹಿಡಿದು ಮನೆ ಬಾಗಿಲಿಗೆ ಜನ ಬರುತ್ತಾರೆ. ಅವರು ದುಡಿಯಲು ಹೋಗುವುದೋ, ಇವರಿಗೆಲ್ಲ ಮಾತು ಹೇಳುತ್ತ ಕೂರುವುದೋ?

ತುಮಕೂರಿನವ

ನಂಬರ್ ಹಾಕುವುದಿಲ್ಲ. ಮಗಳೂ ಅದನ್ನೇ ಹೇಳಿದಳು.

ಕರಾವಳಿ ಗಾಳಿ

ಅವರು ಯಾವ ಸಮುದಾಯದವರು ಎಂದು ತಿಳಿಸಬಹುದೇ? ಸುಮ್ಮನೆ ಕುತೂಹಲ.

ಲಾರಿ ಚಾಲಕನ ಮಗ

ಏಕೆ ಬೇಕು? ಹೋಸ್ ಪೈಪು ಕತ್ತರಿಸಲು ಬೇಕಾದದ್ದು ಬ್ಲೇಡು. ಅವರ ಜಾತಿ, ಧರ್ಮ ತಿಳಿದು ನೀವು ಏನು ಲೆಕ್ಕ ಹಾಕಬೇಕೆಂದಿದ್ದೀರಿ ಹೇಳಿ.

ತುಮಕೂರಿನವ

ನಾನು ಕೇಳಲಿಲ್ಲ, ಅವರೂ ನಮ್ಮನ್ನು ಕೇಳಲಿಲ್ಲ. ಇಲ್ಲಿ ಆ ಚರ್ಚೆ ಬೇಡ.

ಮಣಿಪಾಲದ ಶುಶ್ರೂಷಕಿ

ಹಾರ್ನ್ ಮಾಡಿ ಹೋದ ಕಾರುಗಳ ಬಗ್ಗೆ ಎಲ್ಲರೂ ಸಿಟ್ಟಾಗಿದ್ದೀರಿ. ಒಬ್ಬಂಟಿ ಹೆಂಗಸು ಗಾಡಿ ಓಡಿಸುತ್ತಿದ್ದರೆ ಮಂಜಿನಲ್ಲಿ ಕೈ ಬೀಸುವ ಗಂಡಸನ್ನು ನೋಡಿ ನಿಲ್ಲಿಸಬೇಕೆಂದು ನಾನು ಹೇಳಲಾರೆ. ನಾನೂ ನಿಲ್ಲಿಸುವುದಿಲ್ಲ. ಮುಂದಿನ ಊರಿನಲ್ಲಿ ಸಿಗ್ನಲ್ ಸಿಕ್ಕಿದೊಡನೆ ತುರ್ತು ನಂಬರ್ 112ಕ್ಕೆ ಕರೆ ಮಾಡಿ ಜಾಗ ಹೇಳುತ್ತೇನೆ. ಅದೂ ನೆರವೇ.

ಇನ್ನೊಂದು ಅನುಭವ ಹೇಳಬೇಕು. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವಾಗ ನನ್ನ ಕಾರಿನ ಟೈರ್ ಒಡೆಯಿತು. ಹದಿನಾಲ್ಕು ಹಿಮ್ಮುರಿ ತಿರುವುಗಳ ದಾರಿ ಅದು, ಕತ್ತಲಾಗುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು "ಸಹಾಯ ಬೇಕೇ" ಎಂದು ಕೇಳಿದರು. ಒಳ್ಳೆಯವರೇ ಇರಬಹುದು, ಆದರೆ ನಾನು ಗಾಜು ಇಳಿಸಲಿಲ್ಲ. ಆಮೇಲೆ ಒಂದು ಮಿನಿ ಬಸ್ ಬಂತು. ಕಂಡಕ್ಟರ್ ಕೆಳಗಿಳಿದವರು ನನ್ನ ಕಡೆ ನೋಡಿದರು, ಹತ್ತಿರ ಬರಲಿಲ್ಲ. ವಾಪಸ್ ಬಸ್ಸಿಗೆ ಹೋಗಿ ಇಬ್ಬರು ಹೆಂಗಸರನ್ನು ಇಳಿಸಿ ಕಳುಹಿಸಿದರು. ಒಬ್ಬರು ಹೂವಿನ ಬುಟ್ಟಿ ಹಿಡಿದುಕೊಂಡೇ ಬಂದು ಗಾಜು ತಟ್ಟಿ "ಹೆದರಬೇಡಿ ಮಗಳೇ, ನಾವು ಇದ್ದೇವೆ" ಎಂದರು. ನಾನು ಬಾಗಿಲು ತೆರೆದ ಮೇಲೆಯೇ ಕಂಡಕ್ಟರ್ ಜ್ಯಾಕ್ ತಂದದ್ದು. ಸ್ಟೆಪ್ನಿ ಹಾಕುವವರೆಗೆ ಬಸ್ಸಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ.

ಟೈರ್ ಬದಲಿಸಲು ಬರುವವರು ಬಹಳ ಜನ ಇದ್ದಾರೆ. ನನ್ನ ಭಯವನ್ನು ಅಷ್ಟು ದೂರದಿಂದ ಅರ್ಥ ಮಾಡಿಕೊಂಡವರು ಆ ಕಂಡಕ್ಟರ್ ಒಬ್ಬರೇ.

ಉಜಿರೆಯ ಮೇಡಂ

ಇದನ್ನು ಓದಿ ಕಣ್ಣು ತುಂಬಿತು.

ಮಂಡ್ಯದ ಕಬ್ಬು

ಕಾರು ಕೆಟ್ಟಂತೆ ನಟಿಸಿ ದರೋಡೆ ಮಾಡಿದ ಸುದ್ದಿಗಳನ್ನು ಓದಿದ ಮೇಲೆ ಗಂಡಸರಿಗೂ ನಿಲ್ಲಿಸಲು ಭಯವಿದೆ ಮೇಡಂ. ಮಕ್ಕಳು ಮರಿ ಜೊತೆಗಿದ್ದರೆ ಇನ್ನೂ ಭಯ. ನಿಲ್ಲಿಸದವರೆಲ್ಲ ಕಲ್ಲು ಹೃದಯದವರಲ್ಲ.

ಲಾರಿ ಚಾಲಕನ ಮಗ

ಭಯ ಪಿಕಪ್ಪಿನವರಿಗೂ ಇರುತ್ತದೆ. ಅವರ ಬಳಿ ಆ ದಿನದ ತರಕಾರಿಯ ಹಣ ಇತ್ತು. ಆದರೂ ನಿಲ್ಲಿಸಿದರು.

ಹುನಗುಂದದ ಅಳಿಯ

ಹಣದ ಪ್ರಶ್ನೆಗೆ ನಮ್ಮ ಕಡೆಯ ಒಂದು ಉತ್ತರ. ಕೂಡಲಸಂಗಮಕ್ಕೆ ಹೋಗುವಾಗ ಕ್ಲಚ್ ಪ್ಲೇಟ್ ಸುಟ್ಟು ಹೊಲದ ಪಕ್ಕದಲ್ಲಿ ನಿಂತೆವು. ಕಬ್ಬಿನ ಟ್ರೇಲರ್ ಎಳೆಯುತ್ತಿದ್ದ ರೈತರೊಬ್ಬರು ಎರಡೂ ಟ್ರೇಲರುಗಳನ್ನು ಬಿಚ್ಚಿ ಬದಿಗೆ ನಿಲ್ಲಿಸಿ, ಬರೀ ಟ್ರ್ಯಾಕ್ಟರಿನಿಂದ ನಮ್ಮ ಕಾರನ್ನು ಹುನಗುಂದದವರೆಗೆ ಎಳೆದು ತಂದರು. ಅದಕ್ಕೂ ಮೊದಲು ಮನೆಗೆ ಕರೆದುಕೊಂಡು ಹೋಗಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ರೊಟ್ಟಿಯ ಮೇಲೆ ಬೆಣ್ಣೆ ಹಾಕಿ "ಇದು ಕರಗುವುದರೊಳಗೆ ತಿನ್ನಬೇಕು" ಎಂದು ಅವರ ತಾಯಿ ಎದುರಿಗೇ ಕುಳಿತು ತಿನ್ನಿಸಿದರು.

ಹಣ ಎಂದಾಗ ಮುಖ ಸಿಂಡರಿಸಿದರು. ಹುನಗುಂದದ ಪೆಟ್ರೋಲ್ ಬಂಕಿನಲ್ಲಿ ನಾನು ಸುಮ್ಮನೆ ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸಲು ಹೇಳಿದೆ. ಅದಕ್ಕೆ ಬೇಡ ಎನ್ನಲಿಲ್ಲ. ಖರ್ಚಾದದ್ದನ್ನು ಭರ್ತಿ ಮಾಡುವುದು ಬೇರೆ, ಉಪಕಾರಕ್ಕೆ ಬೆಲೆ ಕಟ್ಟುವುದು ಬೇರೆ.

ಹಾಸನ ಗ್ಯಾರೇಜ್

ನಿಮ್ಮದು ಗೇರ್ ಹಾಕುವ ಕಾರಾಗಿದ್ದರಿಂದ ಬಚಾವ್. ಆಟೋಮ್ಯಾಟಿಕ್ ಕಾರುಗಳನ್ನು ಚಕ್ರ ನೆಲದ ಮೇಲೆ ಉರುಳುವಂತೆ ಎಳೆಯಬೇಡಿ, ಗೇರ್ ಬಾಕ್ಸ್ ಹಾಳಾಗುತ್ತದೆ. ಅವುಗಳನ್ನು ಮಟ್ಟಸ ಹಾಸಿನ ವಾಹನದ ಮೇಲೇ ಹೇರಬೇಕು. ಎಷ್ಟೋ ಒಳ್ಳೆಯ ಮನಸ್ಸಿನವರು ಹಗ್ಗ ಕಟ್ಟಿ ಎಳೆದು ಗಾಡಿಯನ್ನು ಇನ್ನಷ್ಟು ಕೆಡಿಸಿ ನನ್ನ ಬಳಿ ತಂದಿದ್ದಾರೆ. ಅವರ ಮೇಲೆ ಸಿಟ್ಟಿಲ್ಲ, ಮಾಲೀಕರೇ ಬಾಯಿ ಬಿಟ್ಟು ಹೇಳಬೇಕು.

ಕಾನೂನು ಓದುವವನು

ನೆರವಾದವರಿಗೆ ಈಗ ಕಾನೂನಿನ ರಕ್ಷಣೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸಂಬಂಧಿಸಿದ ಮಾರ್ಗಸೂಚಿಗೆ ಮುದ್ರೆ ಒತ್ತಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ನೆರವಾದವರನ್ನು ಹೆಸರು, ವಿಳಾಸ ಹೇಳುವಂತೆ ಒತ್ತಾಯಿಸುವಂತಿಲ್ಲ. ಆದ್ದರಿಂದ ಹೆದರದೆ ನಿಲ್ಲಿಸಿ.

ಮಂಡ್ಯದ ಕಬ್ಬು

ಅದು ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದಾಗ ಅಲ್ಲವೇ? ಹೋಸ್ ಪೈಪು ಸೀಳಿದ್ದಕ್ಕೂ ಅದಕ್ಕೂ ಏನು ಸಂಬಂಧ?

ಕಾನೂನು ಓದುವವನು

ಸರಿಯಾದ ಮಾತು, ಅಪಘಾತಕ್ಕೆ ಸಂಬಂಧಿಸಿದ್ದೇ. ಆದರೆ "ಪೊಲೀಸ್ ಠಾಣೆ, ಕೋರ್ಟ್ ಎಂದು ಅಲೆಸುತ್ತಾರೆ" ಎಂಬ ಹೆದರಿಕೆಯಿಂದಲೇ ಜನ ರಸ್ತೆ ಬದಿಯ ಯಾವ ಗಾಡಿಯ ಹತ್ತಿರವೂ ಹೋಗುವುದಿಲ್ಲ. ದೂರದಿಂದ ನೋಡಿದಾಗ ಕೆಟ್ಟು ನಿಂತದ್ದೋ, ಗುದ್ದಿ ನಿಂತದ್ದೋ ತಿಳಿಯುವುದಿಲ್ಲವಲ್ಲ.

ದಾವಣಗೆರೆ ಬೆಣ್ಣೆ

ಹೆದ್ದಾರಿ ಸಹಾಯವಾಣಿ 1033ಕ್ಕೆ ಏಕೆ ಕರೆ ಮಾಡಲಿಲ್ಲ? ರಾಷ್ಟ್ರೀಯ ಹೆದ್ದಾರಿ ತಾನೇ?

ಬಣಕಲ್ ಕಾಫಿ

ಸಿಗ್ನಲ್ ಇಲ್ಲ ಎಂದು ಮೊದಲೇ ಬರೆದಿದ್ದಾರೆ. ಟೋಲ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 1033 ಚೆನ್ನಾಗಿ ನಡೆಯುತ್ತದೆ, ಗಸ್ತು ವಾಹನ, ಕ್ರೇನ್ ಬರುತ್ತವೆ. ಮಂಗಳೂರು–ತುಮಕೂರು 73ನೇ ಹೆದ್ದಾರಿ ಎಂದು ಹೆಸರು ದೊಡ್ಡದು, ಘಾಟಿಯಲ್ಲಿ ಎರಡು ಬಸ್ಸು ಎದುರಾದರೆ ಒಂದು ನಿಲ್ಲಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಈ ರಸ್ತೆ ಹೇಗಾಗಿತ್ತೆಂದು ಕಂಡವರು ನಾವು. ಇಲ್ಲಿ ಇರುವ ಸಹಾಯವಾಣಿ ಎಂದರೆ ಆ ಪಿಕಪ್ಪಿನಂಥವರೇ.

ಒಂದು ಮಾತು ನೆನಪಿಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದೇ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗಬಹುದು. ಪ್ರಯತ್ನಿಸದೆ ಬಿಡಬೇಡಿ.

ಶಿರಾಡಿ ಪ್ರೇಮಿ

ಮಳೆಗಾಲದಲ್ಲಿ ಸಂಜೆ ಚಾರ್ಮಾಡಿ ಏಕೆ? ಗುಂಡ್ಯದ ಮೂಲಕ ಸಕಲೇಶಪುರಕ್ಕೆ ಹತ್ತಬಹುದಿತ್ತು.

ಬಣಕಲ್ ಕಾಫಿ

ಶಿರಾಡಿಯಲ್ಲಿ ಗುಡ್ಡ ಜಾರುವುದಿಲ್ಲವೇ? ಟ್ಯಾಂಕರುಗಳ ಸಾಲಿನ ಹಿಂದೆ ತೆವಳುತ್ತ ಹೋಗಿದ್ದರೆ ಹೋಸು ಅಲ್ಲೂ ಒಡೆಯುತ್ತಿತ್ತು. ಯಾವ ಘಾಟಿ ಎಂಬ ಜಗಳ ಬೇರೆ ಕಡೆ ಇಟ್ಟುಕೊಳ್ಳೋಣ.

ಶಿವಮೊಗ್ಗ ಬೈಕ್

ಗಾಡಿ ಕೆಟ್ಟಾಗ ಹಿಂದೆ ಕಲ್ಲು ಇಡುವವರಿಗೆ ಒಂದು ವಿನಂತಿ. ಗಾಡಿ ಸರಿಯಾದ ಮೇಲೆ ಕಲ್ಲುಗಳನ್ನು ರಸ್ತೆಯ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ. ನನ್ನ ಸ್ನೇಹಿತ ರಾತ್ರಿ ಅಂಥ ಕಲ್ಲಿಗೆ ಬೈಕ್ ಹತ್ತಿಸಿ ಬಿದ್ದು ಕಾಲು ಮುರಿದುಕೊಂಡ. ಸೊಪ್ಪಿನ ರೆಂಬೆ ಇಡಿ, ಕಲ್ಲು ಬೇಡ. ಕೆಂಪು ತ್ರಿಕೋನ ಕಾರಿನಲ್ಲೇ ಇರುತ್ತದೆ, ಅನೇಕರು ಅದರ ಚೀಲವನ್ನೂ ಬಿಚ್ಚಿರುವುದಿಲ್ಲ. ಅದನ್ನು ಗಾಡಿಯ ಬುಡದಲ್ಲಿ ಇಟ್ಟರೆ ಪ್ರಯೋಜನವಿಲ್ಲ, ತಿರುವಿಗಿಂತ ಹಿಂದೆ ಇಡಬೇಕು. ಆ ಹುಡುಗ ಟಾರ್ಚ್ ಹಿಡಿದು ನಿಂತದ್ದು ಸರಿಯಾದ ಜಾಗದಲ್ಲಿ.

ಲಾರಿ ಚಾಲಕನ ಮಗ

ಇದನ್ನು ನಾನೂ ಒತ್ತಿ ಹೇಳುತ್ತೇನೆ. ಲಾರಿಯವರಿಗೂ ಹೇಳುತ್ತೇನೆ. ಹೊರಡುವ ಮುನ್ನ ಕ್ಲೀನರ್ ಕೆಳಗಿಳಿದು ಕಲ್ಲು ಎತ್ತಿ ಬದಿಗೆ ಹಾಕಿದ್ದಾನೆಯೇ ಎಂದು ತಂದೆ ಕನ್ನಡಿಯಲ್ಲಿ ನೋಡಿಯೇ ಗೇರ್ ಹಾಕುತ್ತಿದ್ದರು.

ಮಸ್ಕತ್ ಕನ್ನಡಿಗ

ಇಲ್ಲಿನದೂ ಒಂದು ಕೇಳಿ. ಒಮಾನಿನಲ್ಲಿ ಇರುವ ನಾವೆಲ್ಲ ಬೇಸಿಗೆಯಲ್ಲಿ ಸಲಾಲಾಕ್ಕೆ ಹೋಗುತ್ತೇವೆ. ದೇಶದ ಉಳಿದೆಡೆ ಬೆಂಕಿ ಸುರಿಯುವಾಗ ಅಲ್ಲಿ ಖರೀಫ್ ಎಂಬ ತುಂತುರು ಮಳೆ, ಹಸಿರು. ಊರಿನ ನೆನಪಾಗುತ್ತದೆ. ಮಸ್ಕತ್‌ನಿಂದ ಸುಮಾರು 1000 ಕಿ.ಮೀ., ಹೆಚ್ಚಿನ ದಾರಿ ಬರೀ ಮರುಭೂಮಿ. ನಡುವೆ ಸಿಗುವ ಹೈಮಾ ಎಂಬ ಊರು ದಾಟಿದ ಮೇಲೆ ಟೈರ್ ಒಡೆಯಿತು, ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ಹೊರಗೆ ನಿಂತರೆ ಚಪ್ಪಲಿ ಡಾಂಬರಿಗೆ ಅಂಟುವಷ್ಟು ಬಿಸಿ.

ಪಿಕಪ್ಪಿನಲ್ಲಿ ಬಂದ ಬೆದೂಯಿನ್ ವೃದ್ಧರೊಬ್ಬರು ಟೈರ್ ಎತ್ತಿ ಹಾಕಿಕೊಂಡು ಹಿಂದಕ್ಕೆ ಹೈಮಾಗೆ ಹೋದರು. ಹೋಗುವ ಮುನ್ನ ತಮ್ಮ ಕಾಫಿಯ ಫ್ಲಾಸ್ಕ್, ಖರ್ಜೂರದ ಡಬ್ಬಿ, ನೀರಿನ ಪೆಟ್ಟಿಗೆ ನಮ್ಮ ಬಳಿ ಇಟ್ಟರು. ಸರಿಪಡಿಸಿಕೊಂಡು ವಾಪಸ್ ಬಂದಾಗ ಅವರು ಮೊದಲು ನೋಡಿದ್ದು ಡಬ್ಬಿಯನ್ನು. ನಾವು ಖರ್ಜೂರ ಕಡಿಮೆ ತಿಂದಿದ್ದಕ್ಕೆ ಬೇಸರ ಮಾಡಿಕೊಂಡರು. ಪಂಕ್ಚರ್ ಅಂಗಡಿಗೆ ಕೊಟ್ಟ ಹಣವನ್ನೂ ತೆಗೆದುಕೊಳ್ಳಲಿಲ್ಲ. ಈಗ ಪ್ರತಿ ಈದ್‌ಗೆ ನಾನು ಕರೆ ಮಾಡುತ್ತೇನೆ. ನನ್ನ ಹರಕು ಅರಬ್ಬಿಯಲ್ಲಿ ಅರ್ಧ ಮಾತು ಅವರಿಗೆ ಅರ್ಥವಾಗುವುದಿಲ್ಲ, ಆದರೂ ಮಕ್ಕಳನ್ನೆಲ್ಲ ಕರೆದು ಫೋನ್ ಕೊಡುತ್ತಾರೆ.

ತುಮಕೂರಿನವರೇ, ಹೋಗಿ ಬನ್ನಿ. ಹಣ ಕೊಡಲಲ್ಲ, ಪರಿಚಯ ಉಳಿಸಿಕೊಳ್ಳಲು.

ಮಣಿಪಾಲದ ಶುಶ್ರೂಷಕಿ

ಇಷ್ಟು ಹೊತ್ತು ಹಣ, ಹಣ ಎಂದು ಚರ್ಚಿಸಿದೆವು. ಮೊದಲ ಬರಹವನ್ನು ಮತ್ತೆ ಓದಿ. ಅವರ ಟಾರ್ಪಾಲು ಕರಗಿದೆ. ಘಾಟಿಯ ಮಳೆಯಲ್ಲಿ ತರಕಾರಿ ಸಾಗಿಸುವವರಿಗೆ ಅದಿಲ್ಲದೆ ಆಗದು. ಹೊಸ ಟಾರ್ಪಾಲು ಒಯ್ದು ಕೊಡಿ. ನಿಮ್ಮಿಂದ ಹಾಳಾದದ್ದನ್ನು ನೀವು ತುಂಬಿಕೊಡುತ್ತಿದ್ದೀರಿ, ಅವರು ಬೇಡ ಎನ್ನಲು ಕಾರಣವೇ ಇಲ್ಲ.

ಲಾರಿ ಚಾಲಕನ ಮಗ

ಇದೇ ಸರಿ. ನನಗೇಕೆ ಹೊಳೆಯಲಿಲ್ಲ!

ಹುನಗುಂದದ ಅಳಿಯ

ನಾನು ಹೇಳಿದ ಡೀಸೆಲ್ಲಿನ ಮಾತೂ ಇದೇ. ಒಪ್ಪಿಗೆ.

ಬಣಕಲ್ ಕಾಫಿ

ಇದಕ್ಕೆ ನನ್ನದೂ ತಕರಾರಿಲ್ಲ. ತೆಳುವಾದ ನೀಲಿ ಹಾಳೆ ತರಬೇಡಿ, ಒಂದು ಮಳೆಗಾಲವನ್ನೂ ತಾಳುವುದಿಲ್ಲ. 250 ಜಿಎಸ್‌ಎಂ (ಒಂದು ಚದರ ಮೀಟರಿಗೆ 250 ಗ್ರಾಂ ತೂಕ) ಆದರೂ ಇರಲಿ, ಅಂಚಿನಲ್ಲಿ ಹಗ್ಗ ಹೊಲಿದು ಹಿತ್ತಾಳೆ ಇಲ್ಲವೇ ಅಲ್ಯೂಮಿನಿಯಂ ಬಳೆ ಕೂರಿಸಿದ್ದು ನೋಡಿ. ಅಳತೆ ಗಾಡಿಗಿಂತ ದೊಡ್ಡದಿರಲಿ, ಸರಕು ತುಂಬಿದ ಮೇಲೆ ಎರಡೂ ಬದಿಗೆ ಇಳಿಯಬೇಕು.

ಮನೆ ಹುಡುಕುವುದು ಕಷ್ಟವಲ್ಲ. ಕೊಟ್ಟಿಗೆಹಾರದಲ್ಲಿ ನೀವು ಚಹಾ ಕುಡಿದ ಅಂಗಡಿಯವರನ್ನೇ ಕೇಳಿ. ತರಕಾರಿ ಗಾಡಿಯವರು ದಿನವೂ ನಿಲ್ಲುವುದು ಅಲ್ಲೇ. ಅಂಗಡಿಯಲ್ಲಿ ಬಿಟ್ಟು ಬಂದರೂ ತಲುಪುತ್ತದೆ.

ಬೆಂಗಳೂರು ದಕ್ಷಿಣ

ನಾವೆಲ್ಲ ಸೇರಿ ಹಣ ಹಾಕೋಣವೇ? ಒಳ್ಳೆಯ ಮೊತ್ತವಾಗುತ್ತದೆ.

ತುಮಕೂರಿನವ

ನಿಮ್ಮ ಮನಸ್ಸು ದೊಡ್ಡದು, ಆದರೆ ಬೇಡ. ನಮ್ಮ ಮನೆಯ ನಾಲ್ವರ ಪರವಾಗಿ ನಾವೇ ಕೊಡಬೇಕು. ಟಾರ್ಪಾಲಿನ ಮಾತು ಕೇಳಿ ಅಮ್ಮನಿಗೂ ಸಮಾಧಾನವಾಯಿತು. ಅವರು ತಮ್ಮ ಕಡೆಯಿಂದ ಚಕ್ಕುಲಿ, ಕೊಬ್ಬರಿ ಮಿಠಾಯಿ ಮಾಡಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಟಾರ್ಚ್ ಹಿಡಿದಿದ್ದ ಹುಡುಗನಿಗೆ ಮಗಳು ಒಂದು ಒಳ್ಳೆಯ ಹೆಡ್ ಟಾರ್ಚ್ ಆರಿಸಿದ್ದಾಳೆ. ಬರುವ ಭಾನುವಾರ ಹೊರಡುತ್ತೇವೆ, ಬೆಳಿಗ್ಗೆಯೇ ಹೊರಟು ಬೆಳಕಿನಲ್ಲೇ ವಾಪಸಾಗುವಂತೆ. ಅಂಗಡಿಯಲ್ಲಿ ಬಿಟ್ಟು ಬರುವುದಿಲ್ಲ, ಮನೆಗೇ ಹೋಗುತ್ತೇವೆ.

ಉಜಿರೆಯ ಮೇಡಂ

ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರನ್ನು ಕಂಡರೆ ಆ ಚಾಲಕರಿಗೆ ಬೇರೆಲ್ಲಕ್ಕಿಂತ ಸಂತೋಷವಾಗುತ್ತದೆ.

ಹಾಸನ ಗ್ಯಾರೇಜ್

ಹೊರಡುವ ಮುನ್ನ ಒಂದು ಮಾತು. ಮೇಲಿನ ಹೋಸ್ ಹೊಸದು ಹಾಕಿಸಿದ್ದೀರಾ? ಝರಿಯ ನೀರನ್ನು ಪೂರ್ತಿ ತೆಗೆದು ಕೂಲೆಂಟ್ ತುಂಬಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಿದ್ದೀರಾ?

ತುಮಕೂರಿನವ

ಮೇಲಿನದು ಚಿಕ್ಕಮಗಳೂರಿನಲ್ಲಿ ಹೊಸದು ಹಾಕಿಸಿದೆ, ಕೂಲೆಂಟ್ ಕೂಡ ಆಯಿತು. ಕೆಳಗಿನ ಹೋಸ್ ಹಳೆಯದೇ ಇದೆ, ಸೋರಿಕೆ ಇಲ್ಲ ಎಂದರು.

ಹಾಸನ ಗ್ಯಾರೇಜ್

ಎರಡೂ ಒಂದೇ ವಯಸ್ಸಿನವು. ಮೇಲಿನದು ಗಟ್ಟಿಯಾಗಿ ಸೀಳಿದೆ ಎಂದರೆ ಕೆಳಗಿನದರ ರಬ್ಬರೂ ಅದೇ ಸ್ಥಿತಿಯಲ್ಲಿರುತ್ತದೆ. ಎಂಜಿನ್ ತಣ್ಣಗಿರುವಾಗ ಕ್ಲಿಪ್ಪಿನ ಪಕ್ಕದಲ್ಲಿ ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅಥವಾ ಸಣ್ಣ ಗೆರೆಗಳು ಕಂಡರೆ ಶನಿವಾರವೇ ಬದಲಿಸಿ. ಎರಡಕ್ಕೂ ಹೊಸ ಕ್ಲಿಪ್ ಹಾಕಿಸಿ. ಫ್ಯಾನ್ ತಿರುಗುತ್ತದೆಯೇ ಎಂಬುದನ್ನು ಎಸಿ ಹಾಕಿ ನಿಂತಲ್ಲೇ ನೋಡಿಕೊಳ್ಳಿ.

ತುಮಕೂರಿನವ

ಈಗಲೇ ಕೆಳಗಿಳಿದು ಒತ್ತಿ ನೋಡಿದೆ. ಗಟ್ಟಿಯಾಗಿದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ.